ಗಾಳಿಗೆ ಕಟ್ಟುವ ಹಾಳೆ: ಎಲ್ಲಿ ಸೀಳಬೇಕು, ಎಲ್ಲಿ ಸೀಳಬಾರದು

ನಾಸಿಕದಿಂದ ನಿಫಾಡ, ಯೇವಲಾ, ವೈಜಾಪುರ ಹಾದು ಛತ್ರಪತಿ ಸಂಭಾಜಿನಗರಕ್ಕೆ (ಹಿಂದಿನ ಔರಂಗಾಬಾದ್) ಹೋಗುವ ದಾರಿಯಲ್ಲಿ ಬೇಸಿಗೆಯ ಕೊನೆಗೆ ಸಾಗಿದರೆ, ಗಾಳಿಗೆ ಸಿಕ್ಕ ಹಾಳೆ ಏನಾಗುತ್ತದೆ ಎಂಬುದು ರಸ್ತೆಯ ಎರಡೂ ಬದಿಗೆ ಕಾಣುತ್ತದೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಒಂದು ಮೂಲೆ ಕಿತ್ತು ಕಂಬಕ್ಕೆ ಸುತ್ತಿಕೊಂಡಿರುತ್ತದೆ. ಈರುಳ್ಳಿ ಕೂಡಿಡುವ ಚಾಳಿನ (ಶೆಡ್ಡಿನ) ಬದಿಗೆ ಕಟ್ಟಿದ ತಾಡಪತ್ರಿ ಚಿಂದಿಯಾಗಿರುತ್ತದೆ. ದ್ರಾಕ್ಷಿ ಸಾಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದೆಡೆ ನೆಟ್ಟಗಿದ್ದರೆ ಪಕ್ಕದ ತೋಟದಲ್ಲಿ ತಂತಿಯಿಂದ ಜೋತು ಬಿದ್ದಿರುತ್ತದೆ.

ನಮ್ಮ ವಿಜಯಪುರದ ಕಡೆಯೂ ಪಾಡು ಇದೇ. ಒಣದ್ರಾಕ್ಷಿ ಶೆಡ್ಡಿನ ಮೇಲ್ಹೊದಿಕೆ, ಬದಿಯ ಹಸಿರು ಪರದೆ, ಜಾತ್ರೆಯ ಪೆಂಡಾಲು, ಸಂಘದ ಬ್ಯಾನರು, ಎಲ್ಲವೂ ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಸಿಕ್ಕುತ್ತವೆ. ಆಗ ಎಲ್ಲರೂ ಮಾಡುವ ಉಪಾಯ ಒಂದೇ: ಬ್ಲೇಡು ತೆಗೆದುಕೊಂಡು ಫ್ಲೆಕ್ಸಿನ ಮೇಲೆ ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಸೀಳುವುದು. ‘ಗಾಳಿ ಹಾದುಹೋಗಲಿ’ ಎಂಬ ಆಲೋಚನೆ ಸರಿಯಾದುದೇ. ಆದರೂ ಹಾಳೆ ಹರಿಯುತ್ತದೆ, ಅದೂ ಎಷ್ಟೋ ಸಲ ಆ ಸೀಳಿನ ತುದಿಯಿಂದಲೇ. ಸೀಳು ಕೆಲಸ ಮಾಡುವುದಿಲ್ಲ ಎಂದಲ್ಲ. ಅದರ ಉದ್ದ, ದಿಕ್ಕು, ಸಾಲು, ತುದಿ ಇವು ನಾಲ್ಕೂ ಸರಿಯಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಗಾಳಿಯ ಭಾರ ಎಷ್ಟು?

ಮೊದಲು ಲೆಕ್ಕ. ಗಾಳಿಯ ವೇಗವನ್ನು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ತೆಗೆದುಕೊಳ್ಳಿ, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 200ರಿಂದ ಭಾಗಿಸಿ. ಎದುರಾಗಿ ನಿಂತ ಹಾಳೆಯ ಒಂದು ಚದರ ಮೀಟರ್ ಮೇಲೆ ಅಂದಾಜು ಅಷ್ಟು ಕಿಲೋ ಭಾರ ಬೀಳುತ್ತದೆ. 40 ಕಿ.ಮೀ. ಗಾಳಿಗೆ 8 ಕಿಲೋ, 60ಕ್ಕೆ 18, 80ಕ್ಕೆ 32. ವೇಗ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟು ಎಂಬುದನ್ನು ಗಮನಿಸಿ. ಹತ್ತಡಿ ಎತ್ತರ, ಇಪ್ಪತ್ತಡಿ ಅಗಲದ ಒಂದು ಫ್ಲೆಕ್ಸಿನ ವಿಸ್ತೀರ್ಣ ಸುಮಾರು 18.6 ಚದರ ಮೀಟರ್. 60 ಕಿ.ಮೀ. ಗಾಳಿ ಬೀಸಿದಾಗ ಅದರ ಮೇಲೆ ಮೂರು ಕ್ವಿಂಟಲ್‌ಗೂ ಹೆಚ್ಚು, 80ರ ಗಾಳಿಗೆ ಸುಮಾರು ಆರು ಕ್ವಿಂಟಲ್. ಕಟ್ಟಡಗಳ ಮೇಲಿನ ಗಾಳಿಭಾರಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಪ್ರಮುಖ ಊರುಗಳ ಮೂಲ ಗಾಳಿವೇಗ ಕೊಟ್ಟಿದ್ದಾರೆ. ನಾಸಿಕಕ್ಕೂ ಔರಂಗಾಬಾದಿಗೂ ಅದು ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಬೆಂಗಳೂರಿಗೆ 33. ಇದು ದಿನವೂ ಬೀಸುವ ಗಾಳಿಯಲ್ಲ, ಐವತ್ತು ವರ್ಷಕ್ಕೊಮ್ಮೆ ಬರಬಹುದಾದ ಹೊಡೆತ. ಆದರೆ ಕಂಬ, ಚೌಕಟ್ಟು ನಿಲ್ಲಿಸುವವರು ಅದನ್ನೇ ಎದುರಿಗಿಟ್ಟುಕೊಳ್ಳಬೇಕು.

ಈಗ ಅರ್ಧಚಂದ್ರದ ಸೀಳಿಗೆ ಬನ್ನಿ. ಆರಿಂಚು ಅಗಲದ ಒಂದು ಅರ್ಧಚಂದ್ರದ ವಿಸ್ತೀರ್ಣ ಸುಮಾರು 14 ಚದರ ಇಂಚು. ಅಂಥ ಇಪ್ಪತ್ತು ಸೀಳು ಹಾಕಿದರೂ ಒಟ್ಟು ಎರಡು ಚದರ ಅಡಿ. ಹಾಳೆ ಇನ್ನೂರು ಚದರ ಅಡಿ! ಎಲ್ಲ ಸೀಳುಗಳೂ ಪೂರ್ತಿ ತೆರೆದುಕೊಂಡರೂ ಗಾಳಿಗೆ ಸಿಗುವ ದಾರಿ ನೂರಕ್ಕೆ ಒಂದು ಭಾಗ. ಅಷ್ಟಕ್ಕಾಗಿ ನೀವು ಹಾಳೆಯೊಳಗಿನ ನೂಲನ್ನು ಇಪ್ಪತ್ತು ಕಡೆ ಕಡಿದಿರುತ್ತೀರಿ. ಹರಿದ ಫ್ಲೆಕ್ಸೊಂದನ್ನು ಹತ್ತಿರದಿಂದ ನೋಡಿ: ಮೇಲೆ ಬಣ್ಣ ಹಿಡಿಯುವ ಪಿವಿಸಿ ಪದರ, ನಡುವೆ ಬಿಳಿ ಪಾಲಿಯೆಸ್ಟರ್ ನೂಲಿನ ಜಾಳು ನೇಯ್ಗೆ. ಬಲವೆಲ್ಲ ಆ ನೂಲಿನದು. ಅರ್ಧಚಂದ್ರದ ತುದಿಯಲ್ಲಿ ಎರಡು-ಮೂರು ನೂಲು ಜುಂಜಾಗಿ ಹೊರಬಂದಿರುತ್ತವೆ, ಅಲ್ಲಿಂದ ನೇರ ಗೆರೆಯಲ್ಲಿ ಹರಕು ಅಂಚಿನವರೆಗೆ ಓಡಿರುತ್ತದೆ.

ಸೀಳು ಕೆಲಸ ಮಾಡುವುದು ಹೇಗೆ?

ಗಣೇಶನ ಮಂಟಪಕ್ಕೆ ಮಕ್ಕಳು ಬಣ್ಣದ ಕಾಗದವನ್ನು ಮಡಚಿ, ಒಮ್ಮೆ ಈ ಅಂಚಿನಿಂದ ಒಮ್ಮೆ ಆ ಅಂಚಿನಿಂದ ಕತ್ತರಿಸಿ, ಬಿಡಿಸಿ ಎಳೆದಾಗ ಜಾಲರಿ ಇಳಿಬೀಳುತ್ತದಲ್ಲ, ನಮಗೆ ಬೇಕಾದ ತತ್ತ್ವ ಅಲ್ಲೇ ಇದೆ. ಕಾಗದ ತಾನಾಗಿ ಹಿಗ್ಗುವ ವಸ್ತುವಲ್ಲ. ಆದರೆ ಸಾಲು ಸಾಲಾಗಿ, ಒಂದು ಸಾಲಿನ ಸೀಳು ಮುಂದಿನ ಸಾಲಿನ ಎರಡು ಸೀಳುಗಳ ನಡುವಿನ ಜಾಗಕ್ಕೆ ಬರುವಂತೆ ಕತ್ತರಿಸಿದರೆ, ನಡುವೆ ಉಳಿದ ಪಟ್ಟಿಗಳು ಬಾಗಿ ಓರೆಯಾಗುತ್ತವೆ. ಹಾಳೆ ಹಿಗ್ಗಿದಂತಾಗುತ್ತದೆ, ಸೀಳುಗಳು ಕಣ್ಣು ತೆರೆಯುತ್ತವೆ. ಜಪಾನಿನ ಕಿರಿಗಾಮಿ ಕಲೆಯೂ ಇದೇ ಕತ್ತರಿಯ ಕೆಲಸ.

ಹೀಗೆ ಸಾಲುಸೀಳು ಹಾಕಿದ ಹಾಳೆಯನ್ನು ಹರಿವಿಗೆ ಒಡ್ಡಿದರೆ ಏನಾಗುತ್ತದೆ ಎಂಬುದನ್ನು ಫ್ರಾನ್ಸಿನ ಎಕೋಲ್ ಪಾಲಿಟೆಕ್ನಿಕ್‌ನ ಸಂಶೋಧಕರು ತೆಳು ಹಾಳೆಗಳನ್ನು ನೀರಿನ ಹರಿವಿನಲ್ಲಿ ನಿಲ್ಲಿಸಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಹರಿವು ಜೋರಾದಂತೆ ಹಾಳೆ ಹೊಟ್ಟೆ ಬಿಡುತ್ತದೆ, ಹಿಗ್ಗಿದ ಕಡೆ ಸೀಳು ತೆರೆಯುತ್ತದೆ, ಪಟ್ಟಿಗಳು ವಾಲುತ್ತವೆ. ವಾಲಿದ ಪಟ್ಟಿಯ ಮೇಲೆ ಹರಿವಿನ ಒತ್ತಡ ಬೇರೆಯಾಗುವುದರಿಂದ ಹಾಳೆಯ ಆಕಾರ ಮತ್ತೆ ಬದಲಾಗುತ್ತದೆ. 2025ರಲ್ಲಿ ಮಾಂಟ್ರಿಯಲ್‌ನ ಪಾಲಿಟೆಕ್ನಿಕ್‌ ತಂಡ ಇದೇ ತತ್ತ್ವದಿಂದ ಪ್ಯಾರಾಚೂಟನ್ನೇ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿತು: ದುಂಡನೆಯ ಚಪ್ಪಟೆ ಹಾಳೆ, ಅದರಲ್ಲಿ ಸುತ್ತು ಸುತ್ತಾಗಿ ಸೀಳುಗಳು. ಬೀಳುವಾಗ ಗಾಳಿಯೇ ಅದನ್ನು ತೆರೆಯುತ್ತದೆ, ಹಾಳೆ ಅತ್ತಿತ್ತ ತೇಲಿಹೋಗದೆ ನೇರವಾಗಿ ಇಳಿಯುತ್ತದೆ.

ನಮ್ಮ ಕೆಲಸಕ್ಕೆ ಇದರಿಂದ ಬೇಕಾದ ಮಾತು ಇಷ್ಟು. ತೂತು ಯಾವಾಗಲೂ ಒಂದೇ ಅಳತೆಯದು, ಸಾಲುಸೀಳು ಹಾಗಲ್ಲ. ಗಾಳಿ ಮೆಲ್ಲಗಿದ್ದಾಗ ಅದು ಮುಚ್ಚಿಕೊಂಡಿರುತ್ತದೆ, ಜೋರಾದಾಗ ತಾನೇ ತೆರೆದುಕೊಳ್ಳುತ್ತದೆ. ಹಾಳೆ ಎಲ್ಲಿ ಎಷ್ಟು ಹೊಟ್ಟೆ ಬಿಡಬೇಕು ಎಂಬುದನ್ನು ಸೀಳಿನ ಅಳತೆಯಿಂದಲೇ ತೀರ್ಮಾನಿಸಬಹುದು. ಪಟ್ಟಿಯ ಬಾಗುವ ಭಾಗದ ಉದ್ದ ಎರಡು ಪಟ್ಟಾದರೆ ಅದು ಎಂಟು ಪಟ್ಟು ಸುಲಭವಾಗಿ ಬಾಗುತ್ತದೆ, ಹಾಳೆಯ ದಪ್ಪ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು ಕಷ್ಟ. ಆದ್ದರಿಂದ ತೆಳು ಪ್ಲಾಸ್ಟಿಕ್ಕಿಗೆ ಹೊಂದಿದ ಅಳತೆ ದಪ್ಪ ಫ್ಲೆಕ್ಸಿಗೆ ಹೊಂದುವುದಿಲ್ಲ.

ಮೊದಲು ಟೇಬಲ್ ಫ್ಯಾನಿನ ಮುಂದೆ

ದೊಡ್ಡ ಹಾಳೆಗೆ ಬ್ಲೇಡು ಹಾಕುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಶಾಲೆಯ ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ, ಬ್ಲೇಡು ಮಾತ್ರ ನಿಮ್ಮ ಕೈಯಲ್ಲಿರಲಿ.

ಪಾರದರ್ಶಕ ಪ್ಲಾಸ್ಟಿಕ್ ಫೈಲಿನ ಹಾಳೆ ಮೂರು ತೆಗೆದುಕೊಳ್ಳಿ. ಮೊದಲನೆಯದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮೇಲೆ-ಕೆಳಗೆ ಎರಡೆರಡು ಸೆಂ.ಮೀ. ಬಿಟ್ಟು ಅಡ್ಡಸೀಳು ಹಾಕಿ: ಸೀಳು 4 ಸೆಂ.ಮೀ., ಒಂದೇ ಸಾಲಿನ ಎರಡು ಸೀಳುಗಳ ನಡುವೆ 1 ಸೆಂ.ಮೀ., ಸಾಲಿನಿಂದ ಸಾಲಿಗೆ ಅರ್ಧ ಸೆಂ.ಮೀ. ಪ್ರತಿ ಸಾಲೂ ಹಿಂದಿನದಕ್ಕಿಂತ ಎರಡೂವರೆ ಸೆಂ.ಮೀ. ಪಕ್ಕಕ್ಕೆ ಸರಿದಿರಲಿ. ಮೂರನೆಯದಕ್ಕೆ ಮೇಲರ್ಧದಲ್ಲಿ ಸೀಳು ಎರಡೂವರೆ ಸೆಂ.ಮೀ., ಕೆಳಗಿನ ಅರ್ಧದಲ್ಲಿ 4 ಸೆಂ.ಮೀ. ಪ್ರತಿ ಹಾಳೆಯ ಮೇಲಂಚು ಕೆಳಂಚುಗಳಿಗೆ ಕಡ್ಡಿ ಅಂಟಿಸಿ, ಎರಡೂ ಕಡ್ಡಿಗಳನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಎದುರು ಫ್ಯಾನ್ ಹಾಕಿ.

ಸೀಳದ ಹಾಳೆ ಕೊಂಚ ಉಬ್ಬಿ ಬಿಗಿಯಾಗಿ ನಿಲ್ಲುತ್ತದೆ. ಸೀಳಿದ ಹಾಳೆಯ ಹಿಂದೆ ಒಂದು ಉಣ್ಣೆಯ ದಾರ ಹಿಡಿಯಿರಿ: ಫ್ಯಾನಿನ ವೇಗ ಒಂದರಲ್ಲಿ ಅದು ಅಷ್ಟಾಗಿ ಆಡುವುದಿಲ್ಲ, ಮೂರಕ್ಕೆ ತಿರುಗಿಸಿದರೆ ಸೀಳುಗಳ ಮೂಲಕ ಬಂದ ಗಾಳಿಗೆ ಹಾರಾಡುತ್ತದೆ. ಮೂರನೆಯ ಹಾಳೆಯ ಹೊಟ್ಟೆ ನಡುವಿನಲ್ಲಿ ಇರುವುದಿಲ್ಲ, ಕೆಳಕ್ಕೆ ಜಾರಿರುತ್ತದೆ, ಏಕೆಂದರೆ ಉದ್ದಸೀಳಿನ ಭಾಗ ಹೆಚ್ಚು ಮೆತ್ತಗೆ. ಎರಡನೆಯ ಹಾಳೆಯನ್ನು ತಿರುಗಿಸಿ, ಸೀಳುಗಳು ಮೇಲಿನಿಂದ ಕೆಳಕ್ಕೆ ಬರುವಂತೆ ಕಟ್ಟಿ ನೋಡುವುದನ್ನು ಮರೆಯಬೇಡಿ. ಆಗ ಅವು ಹೆಚ್ಚುಕಡಿಮೆ ತೆರೆಯುವುದೇ ಇಲ್ಲ. ಎಳೆತಕ್ಕೆ ಅಡ್ಡವಾಗಿರುವ ಸೀಳು ತೆರೆಯುತ್ತದೆ, ಎಳೆತದ ದಿಕ್ಕಿನಲ್ಲೇ ಇರುವ ಸೀಳು ಮುಚ್ಚಿಕೊಂಡೇ ಇರುತ್ತದೆ. ಫ್ಲೆಕ್ಸ್ ಕತ್ತರಿಸುವವರು ಅತಿ ಹೆಚ್ಚು ಮರೆಯುವುದು ಇದನ್ನೇ.

ಸೀಳಬಾರದ ಹಾಳೆಗಳು

ದ್ರಾಕ್ಷಿ ಗೊಂಚಲಿನ ಮೇಲಿನ ಮಳೆಹೊದಿಕೆಯನ್ನು ಸೀಳಬೇಡಿ. 2023ರ ನವೆಂಬರ್ 26ರಂದು ನಾಸಿಕ ಜಿಲ್ಲೆಯ ನಿಫಾಡ, ದಿಂಡೋರಿ ಕಡೆ ಅಕಾಲ ಮಳೆಯೂ ಆಲಿಕಲ್ಲೂ ಸುರಿದು ದ್ರಾಕ್ಷಿ ತೋಟಗಳು ಹಾಳಾದ ಮೇಲೆ ಹೊದಿಕೆಯ ವಿಚಾರ ಎಲ್ಲೆಡೆ ಮಾತಿಗೆ ಬಂತು. ನಮ್ಮ ಬೆಳೆಗಾರರೂ ಅಲ್ಲಿಗೆ ಹೋಗಿ ನೋಡಿ ಬರುತ್ತಾರೆ. ಆ ಹೊದಿಕೆ ಇರುವುದೇ ಗೊಂಚಲು ತೋಯದಿರಲಿ ಎಂದು. ಸೀಳಿನಿಂದ ಸೋರಿದ ನೀರು ಹಣ್ಣು ಬಿರಿಯುವುದಕ್ಕೂ ಬೂಷ್ಟು ಹಿಡಿಯುವುದಕ್ಕೂ ಸಾಕು. ಅಲ್ಲಿ ಗಾಳಿಯ ದಾರಿ ಸಾಲು ಮತ್ತು ಸಾಲಿನ ನಡುವೆ ಬಿಡುವ ತೆರಪು. ಹೆಚ್ಚು ಹಣ್ಣು ಮುಚ್ಚಬೇಕೆಂಬ ಆಸೆಯಿಂದ ಎರಡು ಸಾಲಿನ ಹೊದಿಕೆಗಳನ್ನು ಜೋಡಿಸಿ ಆ ತೆರಪು ಮುಚ್ಚಿದರೆ ಇಡೀ ತೋಟವೇ ಒಂದು ಪಟವಾಗುತ್ತದೆ. ಬಾಳುವ ಹೊದಿಕೆಗೂ ಹಾರುವ ಹೊದಿಕೆಗೂ ಇರುವ ವ್ಯತ್ಯಾಸ ಬಹಳ ಸಲ ಈ ತೆರಪಿನದೇ ಎಂಬುದು ನನ್ನ ನಂಬಿಕೆ.

ಒಣದ್ರಾಕ್ಷಿ ಶೆಡ್ಡಿನ ಮೇಲ್ಹೊದಿಕೆಗೂ, ಪೆಂಡಾಲಿನ ಚಾವಣಿಗೂ, ಕೃಷಿಹೊಂಡದ ಹಾಳೆಗೂ ಬ್ಲೇಡು ತಾಗಿಸುವಂತಿಲ್ಲ. ಚಾವಣಿಯ ಕೆಳಗೆ ನುಗ್ಗಿದ ಗಾಳಿ ಹಾಳೆಯನ್ನು ಮೇಲಕ್ಕೆತ್ತುತ್ತದೆ. ಅದಕ್ಕೆ ಮದ್ದು ಬದಿಯ ಪರದೆಯಲ್ಲಿದೆ, ಚಾವಣಿಯಲ್ಲಿಲ್ಲ.

ನೆರಳು ಪರದೆಗೆ ಸೀಳು ಬೇಕಾಗಿಯೇ ಇಲ್ಲ, ಅದರ ನೇಯ್ಗೆಯೇ ತೂತು. ಬೆಳೆಗೆ ಗಾಳಿತಡೆ ಬೇಕಾದವರು ತಾಡಪತ್ರಿ ಬಿಟ್ಟು ಶೇಕಡಾ 50ರ ಪರದೆ ತರಲಿ. ಗಾಳಿಯನ್ನು ಪೂರ್ತಿ ತಡೆಯುವ ಗೋಡೆಯ ಹಿಂದೆ ಸುಳಿ ಏಳುತ್ತದೆ, ಸ್ವಲ್ಪ ದೂರಕ್ಕೇ ಗಾಳಿ ಮತ್ತೆ ನೆಲಕ್ಕೆ ಬಡಿಯುತ್ತದೆ. ಅರ್ಧದಷ್ಟು ಹಾದುಹೋಗಲು ಬಿಡುವ ಪರದೆಯ ಹಿಂದೆ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಗಾಳಿಯ ಜೋರು ತಗ್ಗಿರುತ್ತದೆ.

ಹಾಗಾದರೆ ಸಾಲುಸೀಳು ಎಲ್ಲಿಗೆ? ಮೆಲುಗಾಳಿಗೆ ಮುಚ್ಚಿರಬೇಕು, ಬಿರುಗಾಳಿಗೆ ತೆರೆಯಬೇಕು ಎನ್ನುವಂಥ ನಿಂತ ಪರದೆಗಳಿಗೆ: ಪೆಂಡಾಲಿನ ಬದಿ, ಹಳೆಯ ಫ್ಲೆಕ್ಸಿನಿಂದ ಮಾಡಿಕೊಳ್ಳುವ ಮರೆ, ಈರುಳ್ಳಿ ಚಾಳಿನ ಗಾಳಿ ಬರುವ ಬದಿ. ಏಪ್ರಿಲ್–ಮೇನಲ್ಲಿ ಕಿತ್ತ ಹಿಂಗಾರು ಈರುಳ್ಳಿಯನ್ನು ನಾಸಿಕ ಜಿಲ್ಲೆಯ ಲಾಸಲಗಾಂವ್ ಸುತ್ತಿನ ರೈತರು ಮಳೆಗಾಲವಿಡೀ ಚಾಳಿನಲ್ಲಿ ಇಡುತ್ತಾರೆ. ಇರಚಲು ಹೊಡೆಯುತ್ತದೆಂದು ಬದಿಗೆ ಇಡೀ ತಾಡಪತ್ರಿ ಬಿಗಿದರೆ ಒಳಗೆ ಗಾಳಿಯಾಡದೆ ಗಡ್ಡೆ ಬೆವೆತು ಕೊಳೆಯುತ್ತದೆ. ಮಳೆ ನಿಂತ ಕೂಡಲೇ ಸುತ್ತಿ ಎತ್ತಿಡುವುದು ಅಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಆಳು ಸಿಗದಿದ್ದರೆ ಸೀಳುಪರದೆ ಮುಂದಿನ ಮಾತು.

ಸೀಳುವ ಕ್ರಮ

1. ಹಾಳೆಯನ್ನು ಎಲ್ಲಿ ಕಟ್ಟುತ್ತೀರಿ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಮೇಲೆ-ಕೆಳಗೆ ಕಟ್ಟುವುದಾದರೆ ಸೀಳು ಅಡ್ಡ, ಎಡ-ಬಲಕ್ಕೆ ಕಟ್ಟುವುದಾದರೆ ಸೀಳು ಉದ್ದುದ್ದ.

2. ಸುತ್ತಲೂ ಒಂದಡಿ ಅಂಚು ಬಿಡಿ. ಅಂಚನ್ನು ಮಡಚಿ ಒಳಗೆ ಹಗ್ಗ ಸೇರಿಸಿ ಹೊಲಿಸಿ, ಎರಡಡಿಗೊಂದು ಲೋಹದ ಕಣ್ಣು ಹಾಕಿಸಿ. ಹತ್ತು-ಇಪ್ಪತ್ತಡಿಯ ಹಾಳೆಗೆ ನಾಲ್ಕೇ ಮೂಲೆ ಕಟ್ಟಿದರೆ 60 ಕಿ.ಮೀ. ಗಾಳಿಗೆ ಒಂದೊಂದು ಮೂಲೆಗೆ 80 ಕಿಲೋಗೂ ಮಿಕ್ಕಿದ ಪಾಲು. ಸುತ್ತಲೂ ಮೂವತ್ತು ಕಡೆ ಕಟ್ಟಿದರೆ ಅದೇ ಭಾರ ಹನ್ನೊಂದು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಸೀಳಿಗಿಂತ ಇದು ಹೆಚ್ಚು ಉಪಕಾರಿ.

3. ಇಡೀ ಹಾಳೆಯನ್ನು ಸೀಳಬೇಡಿ. ಕಿಟಕಿಗಳಂತೆ ಒಂದು ಮೀಟರ್ ಅಗಲ, ಮುಕ್ಕಾಲು ಮೀಟರ್ ಎತ್ತರದ ಭಾಗಗಳನ್ನು ಗುರುತು ಮಾಡಿ, ಎರಡರ ನಡುವೆ ಒಂದಡಿ ಸೀಳದ ಪಟ್ಟಿ ಬಿಡಿ. ಕಿಟಕಿಯೊಳಗೆ ಸೀಳು 20 ಸೆಂ.ಮೀ., ನಡುವಿನ ಜಾಗ 4 ಸೆಂ.ಮೀ., ಸಾಲಿನ ಅಂತರ 3 ಸೆಂ.ಮೀ., ಪಕ್ಕದ ಸಾಲು 12 ಸೆಂ.ಮೀ. ಸರಿದಿರಲಿ. ಈ ಅಳತೆಯಲ್ಲಿ ಒಂದು ಸಾಲಿನಲ್ಲಿ ಉಳಿಯುವ ಗಟ್ಟಿಭಾಗ ಆರರಲ್ಲಿ ಒಂದೇ ಪಾಲು. ಹಾಳೆಯ ಭಾರ ಹೊರುವವು ಸೀಳದ ಪಟ್ಟಿಗಳು, ಕಿಟಕಿಗಳ ಕೆಲಸ ಉಬ್ಬಿ ತೆರೆಯುವುದಷ್ಟೇ.

4. ಮೊದಲು ಪ್ರತಿ ಸೀಳಿನ ಎರಡೂ ತುದಿಗೆ ಪಂಚಿನಿಂದ 4–5 ಮಿ.ಮೀ. ದುಂಡು ತೂತು ಮಾಡಿ. ಆಮೇಲೆ ಸ್ಕೇಲ್ ಇಟ್ಟು ತೂತಿನಿಂದ ತೂತಿಗೆ ಬ್ಲೇಡು ಎಳೆಯಿರಿ. ಚೂಪು ತುದಿಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ, ದುಂಡು ತುದಿಯಲ್ಲಿ ಹಂಚಿಹೋಗುತ್ತದೆ. ಬ್ಲೇಡು ತೂತಿನ ಆಚೆ ಕೂದಲೆಳೆಯಷ್ಟು ದಾಟಿದರೂ ತೂತು ಮಾಡಿದ್ದು ವ್ಯರ್ಥ.

5. ಕಟ್ಟುವ ಮುನ್ನ ಕಿಟಕಿಯನ್ನು ಕೈಯಿಂದ ಮೃದುವಾಗಿ ಎಳೆದು ಪಟ್ಟಿಗಳನ್ನು ಒಂದೇ ಕಡೆಗೆ ವಾಲಿಸಿ. ಹೊರಗಿನ ಅಂಚು ಕೆಳಗೆ ಬರುವಂತೆ ವಾಲಿಸಿದರೆ ಮಳೆನೀರು ಹೊರಕ್ಕೇ ಜಾರುತ್ತದೆ. ಒಂದೇ ದಿಕ್ಕಿಗೆ ವಾಲಿದ ಪಟ್ಟಿಗಳು ಗಾಳಿಯನ್ನು ತಿರುಗಿಸುವುದರಿಂದ ಹಾಳೆಗೆ ಮೇಲಕ್ಕೋ ಕೆಳಕ್ಕೋ ನೂಕು ಬೀಳುತ್ತದೆ. ಮಳೆಯ ಚಿಂತೆ ಇಲ್ಲದ ಕಡೆ ಒಂದು ಕಿಟಕಿ ಮೇಲ್ವಾಲು, ಪಕ್ಕದ್ದು ಕೆಳವಾಲು ಮಾಡಿದರೆ ನೂಕುಗಳು ಒಂದಕ್ಕೊಂದು ಸರಿಹೋಗುತ್ತವೆ.

6. ಒಂದೇ ಕಿಟಕಿ ಮಾಡಿ ವಾರ ಬಿಟ್ಟು ನೋಡಿ. ತೂತಿನ ಸುತ್ತ ಬಿಳಿ ನೂಲು ಕಂಡರೆ ಸೀಳಿನ ಉದ್ದ ತಗ್ಗಿಸಿ. ಗಾಳಿಯಿದ್ದಾಗಲೂ ಪಟ್ಟಿ ವಾಲದಿದ್ದರೆ ಹಾಳೆ ದಪ್ಪವಾಯಿತು, ಸಾಲಿನ ಅಂತರ ತಗ್ಗಿಸಿ.

ಸಾಮಾನ್ಯವಾಗಿ ಆಗುವ ತಪ್ಪು

ಹಾಳೆಯನ್ನು ತಂತಿಯಂತೆ ಬಿಗಿದು ಕಟ್ಟುವುದು ಮೊದಲನೆಯದು. ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಉಬ್ಬಲು ಜಾಗವಿಲ್ಲದ ಹಾಳೆ ಅದೇ ಗಾಳಿಗೆ ಕಣ್ಣುಗಳನ್ನು ಹೆಚ್ಚು ಬಲವಾಗಿ ಎಳೆಯುತ್ತದೆ. ಉಬ್ಬು ಅರ್ಧವಾದರೆ ಎಳೆತ ಸರಿಸುಮಾರು ಎರಡು ಪಟ್ಟು. ಹಾಗೆಂದು ಸಡಿಲ ಬಿಟ್ಟು ಪಟಪಟ ಬಡಿಯಲು ಬಿಟ್ಟರೆ ನೂಲು ದಿನದಿನಕ್ಕೆ ಸವೆಯುತ್ತದೆ. ಹತ್ತಡಿಗೆ ಅಂಗೈಯಗಲದಷ್ಟು ಉಬ್ಬು ಇರಲಿ. ಕಟ್ಟಲು ಹಳೆಯ ಸೈಕಲ್ ಟ್ಯೂಬಿನ ತುಂಡು ಬಳಸಿದರೆ ಗಾಳಿಯ ಹೊಡೆತವನ್ನು ಅದು ನುಂಗುತ್ತದೆ.

ಅಂಚಿನವರೆಗೆ ಸೀಳುವುದು ಇನ್ನೊಂದು. ಮೂಲೆಯ ಕಣ್ಣಿನ ಹತ್ತಿರ ಸೀಳು ಹಾಕುವುದಂತೂ ಹಾಳೆಯನ್ನು ನಾವೇ ಹರಿದುಕೊಟ್ಟಂತೆ. ಬಿಸಿಲಿಗೆ ಎರಡು ಬೇಸಿಗೆ ಬೆಂದ ಹಾಳೆಯನ್ನು ಸೀಳಲು ಹೋಗುವವರೂ ಇದ್ದಾರೆ. ಮೂಲೆ ಮಡಚಿದಾಗ ಬಿರುಕು ಬಿಡುವ ಹಾಳೆಗೆ ಸೀಳು ಕೂಡದು.

ಎಚ್ಚರಿಕೆ

ಕಾಯಿಸಿದ ಮೊಳೆಯಿಂದ ಫ್ಲೆಕ್ಸಿಗೆ ತೂತು ಮಾಡಬೇಡಿ. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಕತ್ತರಿಸಿ ಉಳಿದ ಚೂರುಗಳನ್ನೂ ಸುಡದೆ ಕಸದ ಗಾಡಿಗೆ ಕೊಡಿ.

ರಸ್ತೆಬದಿಯ, ಎತ್ತರದ, ಕಬ್ಬಿಣದ ಚೌಕಟ್ಟಿನ ಫಲಕಕ್ಕೆ ಈ ಲೇಖನದ ಯಾವ ಕ್ರಮವೂ ಸಾಲದು. 2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ 120 ಅಡಿ ಉದ್ದಗಲದ ಫಲಕ ಧೂಳುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಸತ್ತರು. ಅಲ್ಲಿ ಅನುಮತಿಯ ಮಿತಿ ಇದ್ದುದು 40 ಅಡಿ ಉದ್ದಗಲಕ್ಕೆ. ಅಂಥ ಕಡೆ ಬೇಕಾದುದು ಎಂಜಿನಿಯರ್ ಲೆಕ್ಕ ಹಾಕಿದ ಅಡಿಪಾಯ ಮತ್ತು ಪಾಲಿಕೆಯ ಅನುಮತಿ. ‘ಸೀಳು ಹಾಕಿದ್ದೇವೆ’ ಎಂಬ ಧೈರ್ಯದಿಂದ ಒಂದಡಿಯೂ ದೊಡ್ಡದು ಮಾಡಬೇಡಿ.

2026–27ರ ಸಿಂಹಸ್ಥ ಕುಂಭಮೇಳಕ್ಕೆಂದು ನಾಸಿಕ, ತ್ರ್ಯಂಬಕೇಶ್ವರಕ್ಕೆ ಹೋಗಿ ತಾತ್ಕಾಲಿಕ ಪೆಂಡಾಲು ಹಾಕುವ ತಂಡಗಳು ಇನ್ನೊಂದು ವಿಷಯ ನೆನಪಿಡಬೇಕು. ಪ್ರಮುಖ ಸ್ನಾನಗಳು ಬರುವುದು 2027ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ತುಂಬು ಮಳೆಗಾಲದಲ್ಲಿ. ನೆನೆದ ನೆಲದಲ್ಲಿ ಗೂಟ ಸಡಿಲವಾಗುತ್ತದೆ. ಬದಿಯ ಪರದೆಗಳ ಕೆಳಗಿನ ಕಟ್ಟನ್ನು ತೆಳು ದಾರದಿಂದಲೂ ಮೇಲಿನ ಕಟ್ಟನ್ನು ಗಟ್ಟಿ ಹಗ್ಗದಿಂದಲೂ ಹಾಕಿ. ಗಾಳಿ ಮಿತಿ ಮೀರಿದಾಗ ಕೆಳಗಿನದು ಮೊದಲು ಕಿತ್ತು ಪರದೆ ಮೇಲಕ್ಕೆ ಹಾರಾಡುತ್ತದೆ, ಕಂಬ ಉಳಿಯುತ್ತದೆ, ಹಾಳೆ ಬಿಡಿಯಾಗಿ ಜನರ ಮೇಲೆ ಹಾರಿಹೋಗುವುದಿಲ್ಲ. ಹಾಗೆ ಹಾರಾಡುವ ಪರದೆ ವಿದ್ಯುತ್ ತಂತಿಗೆ ತಾಗದಷ್ಟು ದೂರದಲ್ಲಿ ಕಂಬ ನೆಡಿ. ಹವಾಮಾನ ಇಲಾಖೆಯ ಗುಡುಗು-ಗಾಳಿಯ ಮುನ್ಸೂಚನೆ ಬಂದ ದಿನ ಪರದೆ ಎಷ್ಟೇ ಚೆನ್ನಾಗಿ ಸೀಳಿದ್ದಿರಲಿ, ಬಿಚ್ಚಿ ಸುತ್ತಿಡಿ. ಸುತ್ತುವಾಗ ಪಟ್ಟಿಗಳು ವಾಲಿದ ಕಡೆಗೇ ಸುತ್ತಬೇಕು, ತಿರುಗಾಮುರುಗಾ ಸುತ್ತಿದರೆ ತೂತಿನ ಬದಿ ಮಡಿಕೆ ಬಿದ್ದು ಮುಂದಿನ ಸಲ ಅಲ್ಲಿಂದಲೇ ಹರಿಯುತ್ತದೆ.